ಕರಗಿದ ಡಾಲರ್, ಅಚ್ಚಾದ ರೂಪಾಯಿ

ನಾಣ್ಯ ಕೂಡಿಡುವ ಹುಡುಗರಿಗೆ ‘ಮಾರ್ಗನ್ ಡಾಲರ್’ ಎಂದರೆ ಒಂದು ಕನಸು. ಅಂಗೈಯಲ್ಲಿಟ್ಟರೆ ಭಾರ ತಿಳಿಯುವಂಥ ಬೆಳ್ಳಿ ನಾಣ್ಯ ಅದು. ಅಡ್ಡಳತೆ 38.1 ಮಿಲಿಮೀಟರ್, ತೂಕ 26.73 ಗ್ರಾಂ. ನೂರಕ್ಕೆ 90 ಪಾಲು ಬೆಳ್ಳಿ, 10 ಪಾಲು ತಾಮ್ರ. ಬರೀ ಬೆಳ್ಳಿ ಮೆದು. ಕೈಯಿಂದ ಕೈಗೆ ಹೋಗುತ್ತ ಬೇಗ ಸವೆಯುತ್ತದೆ. ಅದಕ್ಕೇ ಈ ಬೆರಕೆ. ಅಂಚಿನ ಗೀರುಗಳಿಗೂ ಕಾರಣವುಂಟು. ಯಾರಾದರೂ ಅಂಚು ಕೆರೆದು ಬೆಳ್ಳಿ ಕದ್ದರೆ ಕೂಡಲೇ ಗೊತ್ತಾಗಲಿ ಎಂದು ಟಂಕಸಾಲೆಗಳು ಹೂಡಿದ ಹಳೆಯ ಉಪಾಯವದು.

ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಜಾರ್ಜ್ ಟಿ. ಮಾರ್ಗನ್ ಇದರ ವಿನ್ಯಾಸಕಾರ. 1878ರಲ್ಲಿ ನಾಣ್ಯ ಹೊರಬಂತು. ಒಂದು ಬದಿಯಲ್ಲಿ ಸ್ವಾತಂತ್ರ್ಯದೇವಿ. ಫಿಲಡೆಲ್ಫಿಯಾದ ಶಾಲಾ ಶಿಕ್ಷಕಿ ಆನಾ ವಿಲಿಯಮ್ಸ್ ಅವರ ಮುಖವೇ ಅದಕ್ಕೆ ಮಾದರಿ. ಇನ್ನೊಂದು ಬದಿಯಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಮೊದಲ ಅಚ್ಚಿನಲ್ಲಿ ಅದರ ಬಾಲಕ್ಕೆ ಎಂಟು ಗರಿಗಳಿದ್ದವು. ಅದೇ ವರ್ಷ ಏಳಕ್ಕೆ ಇಳಿಸಿದರು. ಏಳರ ಕೆಳಗೆ ಹಳೆಯ ಎಂಟರ ತುದಿಗಳು ಇಣುಕುವ ನಾಣ್ಯಗಳೂ ಇವೆ. ಸಂಗ್ರಾಹಕರು ಭೂತಗನ್ನಡಿ ಹಿಡಿದು ಗರಿ ಎಣಿಸುವುದು ಇದಕ್ಕೇ.

ಆ ಶಿಕ್ಷಕಿಯ ಮುಖಕ್ಕೂ ಭಾರತಕ್ಕೂ ನಂಟಿದೆ ಎಂದರೆ ಸೋಜಿಗವಾದೀತು. ಮೊದಲ ಮಹಾಯುದ್ಧದ ಕಾಲ. 1917ರಲ್ಲಿ ಇಲ್ಲಿ ಒಂದು ರೂಪಾಯಿಯ ನೋಟು ಬಂದರೂ ಜನ ಕಾಗದವನ್ನು ನಂಬದೆ ಬೆಳ್ಳಿಯನ್ನೇ ಕೇಳಿದರು. ಖಜಾನೆಯ ಬೆಳ್ಳಿ ಬರಿದಾಗುತ್ತ ಬಂತು. ಬ್ರಿಟನ್ ಅಮೆರಿಕದ ಮೊರೆಹೋಯಿತು. 1918ರ ಏಪ್ರಿಲ್‌ನಲ್ಲಿ ಪಿಟ್‌ಮನ್ ಕಾಯಿದೆ ಬಂದು 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳು ಕರಗಿದವು. ಹೆಚ್ಚಿನವು ಮಾರ್ಗನ್ ಡಾಲರ್‌ಗಳೇ. ಆ ಬೆಳ್ಳಿಯ ಬಹುಪಾಲು ಹಡಗೇರಿ ಭಾರತಕ್ಕೆ ಬಂದು ರೂಪಾಯಿಯಾಯಿತು.

ಮಕ್ಕಳು ಲೆಕ್ಕ ಹಾಕಿ ನೋಡಬಹುದು. ಡಾಲರ್‌ನಲ್ಲಿ ಶುದ್ಧ ಬೆಳ್ಳಿ 24.06 ಗ್ರಾಂ, ಅಂದಿನ ರೂಪಾಯಿಯಲ್ಲಿ 10.69 ಗ್ರಾಂ. ಅಲ್ಲಿಗೆ ನಾಲ್ಕು ಡಾಲರ್ ಕರಗಿದರೆ ಒಂಬತ್ತು ರೂಪಾಯಿ.

ಯಾವ ಇಸವಿಯ ಡಾಲರ್ ಎಷ್ಟು ಕರಗಿತೆಂದು ಯಾರೂ ಬರೆದಿಡಲಿಲ್ಲ. ಹೀಗಾಗಿ ಎಷ್ಟು ಅಚ್ಚಾದವು ಎಂಬ ಅಂಕಿ ಸಿಕ್ಕರೂ ಎಷ್ಟು ಉಳಿದಿವೆ ಎಂಬುದು ಅದರಿಂದ ತಿಳಿಯದು.

ಹಳೆಯ ಮನೆಗಳಲ್ಲಿ ಅಜ್ಜಿಯ ಪೆಟ್ಟಿಗೆಯಿಂದ ಐದನೆಯ ಜಾರ್ಜ್ ದೊರೆಯ 1918, 1919ರ ರೂಪಾಯಿಗಳು ಈಗಲೂ ಹೊರಬರುವುದುಂಟು. ಮಗಳ ಕಾಲ್ಗೆಜ್ಜೆಗೆಂದು ಅವು ಅಕ್ಕಸಾಲಿಗರ ಕುಲುಮೆ ಸೇರುವುದೂ ಉಂಟು. ಅದಕ್ಕೆ ಮೊದಲು ಒಂದನ್ನಾದರೂ ತೆಗೆದಿರಿಸಿ ಮಕ್ಕಳ ಕೈಗೆ ಕೊಡುವುದು ಒಳಿತು. ಅದರ ಬೆಳ್ಳಿ ದೂರದ ಶಿಕ್ಷಕಿಯ ಮುಖ ಹೊತ್ತು ಒಮ್ಮೆ ಕರಗಿದ್ದಿರಬಹುದು. ಇನ್ನೊಮ್ಮೆ ಕರಗಿದರೆ ಗೆಜ್ಜೆಯೇನೋ ಆದೀತು; ಆದರೆ ಇಸವಿ ಓದಲು ಮಕ್ಕಳಿಗೆ ಏನೂ ಉಳಿಯದು.