ಶರಣಪುರದ ದಾರಿ

ವರ್ಗವಾಗಿ ನಾಶಿಕಕ್ಕೆ ಬಂದ ಮೊದಲ ವಾರ. ಸಾತಪುರದ ಬಳಿ ತ್ರ್ಯಂಬಕ ರಸ್ತೆಯ ಬದಿಯಲ್ಲಿ ಆಟೋ ಹಿಡಿಯಲು ನಿಂತಿದ್ದೆವು. ಪಕ್ಕದಲ್ಲಿದ್ದವರೊಬ್ಬರು ಚಾಲಕನಿಗೆ 'ಶರಣಪುರ ರೋಡ್' ಎಂದರು. ಕನ್ನಡದ ಕಿವಿಗೆ ಆ ಹೆಸರು ಬಿದ್ದೊಡನೆ ಕಲ್ಯಾಣ, ಅನುಭವ ಮಂಟಪ, ದಾಸೋಹ ಎಲ್ಲವೂ ಒಟ್ಟಿಗೆ ನೆನಪಾದವು. ಗೋದಾವರಿಯ ದಂಡೆಯಲ್ಲೂ ಶರಣರು ನೆಲೆಸಿದ್ದರೇನೋ ಎಂದು ಹಿಗ್ಗಿದೆವು. ವಿಚಾರಿಸಿದಾಗ ತಿಳಿದದ್ದು ಬೇರೆ. ಇಲ್ಲಿಯ 'ಶರಣ' ಭಕ್ತನಲ್ಲ, ಆಶ್ರಯ. ಚರ್ಚ್ ಮಿಷನರಿ ಸೊಸೈಟಿಯವರು 1854ರಲ್ಲಿ ಆಗಿನ ನಾಶಿಕದ ಹೊರವಲಯದಲ್ಲಿ ಕಟ್ಟಿದ ಕ್ರೈಸ್ತ ಹಳ್ಳಿಗೆ ಇಟ್ಟ ಹೆಸರು ಅದು: ಆಶ್ರಯದ ಊರು. ಇಂದು ಬಟ್ಟೆಯಂಗಡಿ, ದವಾಖಾನೆ, ಬ್ಯಾಂಕುಗಳ ಸಾಲಿನಲ್ಲಿ ಆ ಹಳ್ಳಿ ಕರಗಿಹೋಗಿದೆ. ಹೆಸರು ಮಾತ್ರ ದಿನಕ್ಕೆ ಸಾವಿರ ಬಾರಿ ಆಟೋದವರ ಬಾಯಲ್ಲಿ ಸುಳಿದಾಡುತ್ತದೆ.

ಈ ಬರಹದ 'ನಾವು' ಎಂದರೆ ಗಂಡ ಹೆಂಡತಿ ಇಬ್ಬರೂ. ಇಲ್ಲಿ ಹೇಳಬೇಕಾದ ತಪ್ಪು ಇಬ್ಬರದೂ ಆಗಿರುವುದರಿಂದ 'ನಾನು' ಎಂದು ಬರೆದರೆ ಅದು ಅರ್ಧ ತಪ್ಪೊಪ್ಪಿಗೆಯಾದೀತು.

ನಾವು ಗದಗ-ಬೆಟಗೇರಿಯ ಕಡೆಯ ಕ್ರೈಸ್ತರು. 1876-78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ತಂದೆತಾಯಿಯರನ್ನು ಕಳೆದುಕೊಂಡು, ಬಾಸೆಲ್ ಮಿಷನ್ನಿನವರ ಆಸರೆಯಲ್ಲಿ ಬೆಳೆದ ಹುಡುಗಿಯೊಬ್ಬಳಿಂದ ನಮ್ಮ ಮನೆತನ ಆರಂಭವಾಗುತ್ತದೆ. ಅವಳಿಗಿಂತ ಹಿಂದಿನ ಹೆಸರು ನಮಗೆ ಒಂದೂ ಗೊತ್ತಿಲ್ಲ. ಮನೆಯ ಹಿರಿಯರು ಈ ಕಥೆಯನ್ನು ಹೇಳುವಾಗ ಅದರಲ್ಲಿ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಿರುತ್ತಿತ್ತು. ಕೇಳಿಕೇಳಿ ನಮಗೂ ಒಂದು ಭಾವನೆ ಬೇರೂರಿತು: ನಾವು ನೆರವಾಗುವವರ ಪಾಳಿಗೆ ಸೇರಿದವರು. ಬೇಡುವ ಕಾಲ ಆ ಹುಡುಗಿಯೊಂದಿಗೇ ಮುಗಿಯಿತು. ಊರೂರಿಗೆ ವರ್ಗವಾಗುತ್ತ ಹೋದರೂ ಪ್ರತಿ ಊರಿನ ಸಭೆಗೂ ತಪ್ಪದೆ ಕಾಣಿಕೆ ಕೊಟ್ಟೆವು. ಕ್ರಿಸ್ಮಸ್ಸಿಗೆ ಕಂಬಳಿ ಹಂಚಿದೆವು. ಮನೆಯಲ್ಲಿ ಕನ್ನಡ ಸತ್ಯವೇದ ಓದಿ ಪ್ರಾರ್ಥಿಸಿದೆವು. ಇಷ್ಟು ಸಾಕೆಂದು ತಿಳಿದಿದ್ದೆವು.

2020ರ ಮೇ ತಿಂಗಳು ಬಂತು. ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿದ್ದಿತ್ತು. ನಮ್ಮದೇ ಜಿಲ್ಲೆಯ ಮಾಲೇಗಾವಿನಿಂದ ದಿನವೂ ಕೆಟ್ಟ ಸುದ್ದಿ ಬರುತ್ತಿತ್ತು. ಮುಂಬಯಿ-ಆಗ್ರಾ ಹೆದ್ದಾರಿಯಲ್ಲಿ ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು ಹೊತ್ತ ಜನ ಉತ್ತರದ ಕಡೆ ನಡೆಯುತ್ತಿದ್ದರು. ಸಾತಪುರದ ಕೈಗಾರಿಕಾ ವಸಾಹತಿನ ಕಾರ್ಖಾನೆಗಳು ಮುಚ್ಚಿದ್ದವು. ಇಲ್ಲಿ ಕನ್ನಡಿಗರು ಎರಡು ಬಗೆಯವರು. ಬೆಂಗಳೂರಿನ ಮೈಕೋ ಕಂಪನಿ ತನ್ನ ಕಾರ್ಖಾನೆಯನ್ನು ಸಾತಪುರದಲ್ಲೂ ತೆರೆದಾಗ ಬಂದು ನೆಲೆಸಿದ ಕುಟುಂಬಗಳಂಥವರು ಒಂದು ಕಡೆ, ಗುತ್ತಿಗೆದಾರರ ಹಿಂದೆ ಬಂದು ಗಾರೆ, ಮಣ್ಣು ಹೊತ್ತು ಬದುಕುವವರು ಇನ್ನೊಂದು ಕಡೆ. ಮೊದಲನೆಯವರೊಡನೆ ನಮಗೆ ರಾಜ್ಯೋತ್ಸವದ ಪರಿಚಯವಿತ್ತು. ಎರಡನೆಯವರು ಎಲ್ಲಿರುತ್ತಾರೆಂಬುದೂ ಗೊತ್ತಿರಲಿಲ್ಲ.

ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ಕಿಟಕಿಯಿಂದ ನೋಡಿದೆವು. ಮೂವತ್ತರ ಆಸುಪಾಸಿನ ಒಬ್ಬಾತ ಬಾಯಿಗೆ ಟವೆಲ್ಲು ಸುತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ.

"ಸಾಹೇಬ್ರ, ನೀವು ಕನ್ನಡದೋರಂತ ವಾಚ್‌ಮನ್ ಹೇಳ್ದ. ಊರಿಗಿ ಹೋಗ್ಲಾಕ ಅರ್ಜಿ ಹಾಕಬೇಕಂತ್ರಿ. ನಮಗ ಬರಲ್ಲ. ಒಂದೀಟು ತುಂಬಿಕೊಡ್ರಿ."

ಕಲಬುರಗಿಯ ಕಡೆಯ ಮಾತು. ಹೊರರಾಜ್ಯಗಳಲ್ಲಿದ್ದ ಕನ್ನಡಿಗರು ಮರಳಲು ಆಗ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕಾಗಿತ್ತು. ನಮ್ಮ ಮೇಜಿನ ಮೇಲೆ ಕಂಪ್ಯೂಟರಿತ್ತು, ಅಂತರ್ಜಾಲವಿತ್ತು. ಅರ್ಜಿ ತುಂಬುವುದು, ಬರೆಯುವುದು, ನಿಯಮ ಓದುವುದು ನಮ್ಮ ದಿನನಿತ್ಯದ ಉದ್ಯೋಗ. ಅರ್ಧ ಗಂಟೆಯ ಕೆಲಸ. ಆದರೆ ಆತನ ಆಧಾರ್ ಚೀಟಿಯನ್ನು ಕೈಯಲ್ಲಿ ಹಿಡಿಯಬೇಕು, ಅವನ ಮೊಬೈಲಿಗೆ ಬರುವ ಸಂಖ್ಯೆಯನ್ನು ಕೇಳಿ ತಿಳಿಯಬೇಕು, ಕುಟುಂಬದವರ ಹೆಸರು ಬರೆದುಕೊಳ್ಳಬೇಕು. ಅಂದರೆ ಹತ್ತಿರ ಬರಬೇಕು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಿಟಕಿಯ ಸರಳಿನ ಸಂದಿಯಿಂದ ಐನೂರು ರೂಪಾಯಿಯ ಲಕೋಟೆಯನ್ನು ಹೊರಗೆ ಚಾಚಿ, ಕಚೇರಿ ಮುಚ್ಚಿದೆ, ನಮ್ಮಿಂದ ಆಗದು ಎಂದೆವು.

"ರೊಕ್ಕ ಬ್ಯಾಡ್ರಿ ಸಾಹೇಬ್ರ. ಅರ್ಜಿ ತುಂಬಿಕೊಡ್ರಿ, ಸಾಕು."

ನಾವು ಉತ್ತರ ಕೊಡಲಿಲ್ಲ. ಆತ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದ. ಲಕೋಟೆ ನಮ್ಮ ಕೈಯಲ್ಲೇ ಉಳಿಯಿತು.

ಆ ಭಾನುವಾರ ಮೊಬೈಲಿನಲ್ಲಿ ನಡೆದ ಮರಾಠಿ ಆರಾಧನೆಯಲ್ಲಿ ಸಭಾಪಾಲಕರು ಲೂಕನ ಸುವಾರ್ತೆಯ 10ನೆಯ ಅಧ್ಯಾಯವನ್ನೇ ಪ್ರಸಂಗಕ್ಕೆ ಆರಿಸಿಕೊಂಡಿದ್ದರು. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕು ಬಿದ್ದವನ ಕಥೆ. ಯಾಜಕನೂ ಲೇವಿಯನೂ ನೋಡಿ ದಾಟಿಹೋಗುತ್ತಾರೆ. ಯೆಹೂದ್ಯರು ಕೀಳಾಗಿ ಕಾಣುತ್ತಿದ್ದ ಸಮಾರ್ಯದವನೊಬ್ಬ ನಿಲ್ಲುತ್ತಾನೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ತನ್ನ ಸವಾರಿಯ ಪಶುವಿನ ಮೇಲೆ ಕೂರಿಸಿ, ಛತ್ರಕ್ಕೆ ಒಯ್ದು, ಖರ್ಚಿಗೆ ಎರಡು ನಾಣ್ಯ ಕೊಡುತ್ತಾನೆ. ಬಾಲ್ಯದಿಂದ ಬಲ್ಲ ಕಥೆ. ಅಂದು ಮೊದಲ ಬಾರಿಗೆ ಅದರ ಒಂದು ಅಂಶ ನಮ್ಮನ್ನು ಚುಚ್ಚಿತು. ಸಮಾರ್ಯದವನು ನಾಣ್ಯ ಕೊಟ್ಟದ್ದು ಕೊನೆಯಲ್ಲಿ. ಅದಕ್ಕೆ ಮೊದಲು ಅವನು ಹತ್ತಿರ ಹೋದ, ಮುಟ್ಟಿದ. ನಾವು ನಾಣ್ಯದಿಂದಲೇ ಆರಂಭಿಸಿದ್ದೆವು, ಮುಟ್ಟುವುದು ತಪ್ಪಲಿ ಎಂದು.

ಮರುದಿನ ವಾಚ್‌ಮನ್ನನನ್ನು ಕೇಳಿದೆವು. ಆತ ಹೆಂಡತಿ ಮಗುವಿನೊಡನೆ ನಡೆದೇ ಹೊರಟುಹೋಗಿದ್ದ.

ಬೀಗ ಸಡಿಲವಾದ ಮೇಲೆ, ಮನಸ್ಸಿನ ಕಸಿವಿಸಿ ತಾಳಲಾರದೆ ಶರಣಪುರದ ಹಳೆಯ ದೇವಾಲಯದ ಕಡೆ ನಡೆದುಹೋಗುವ ಅಭ್ಯಾಸ ಮಾಡಿಕೊಂಡೆವು. ಆ ಊರಿನ ಚರಿತ್ರೆಯನ್ನು ಹುಡುಕಿ ಓದಿದ್ದೂ ಆಗಲೇ. ಹಿಂದೂ ಮಹಾಸಾಗರದಲ್ಲಿ ಗುಲಾಮರನ್ನು ಸಾಗಿಸುತ್ತಿದ್ದ ಅರಬ್ಬೀ ಹಡಗುಗಳನ್ನು ಬ್ರಿಟಿಷ್ ನೌಕಾಪಡೆ ಹಿಡಿದಾಗ, ಅದರೊಳಗಿದ್ದ ಆಫ್ರಿಕದ ಮಕ್ಕಳಲ್ಲಿ ಹಲವರನ್ನು ಮುಂಬಯಿಗೆ ತಂದಿಳಿಸುತ್ತಿದ್ದರು. ಅವರಲ್ಲಿ ಅನೇಕರು ಬೆಳೆದದ್ದು ಈ ಶರಣಪುರದಲ್ಲಿ. ಇಲ್ಲಿ ಅವರು ಓದುಬರಹದ ಜೊತೆ ಬಡಗಿತನ, ಕಮ್ಮಾರಿಕೆ ಕಲಿತರು. ಚರಿತ್ರೆಯ ಪುಸ್ತಕಗಳಲ್ಲಿ ಅವರ ಹೆಸರು 'ನಾಸಿಕ್ ಹುಡುಗರು'. 1865ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ತನ್ನ ಕೊನೆಯ ಪ್ರಯಾಣಕ್ಕೆ ಇವರಲ್ಲಿ ಕೆಲವರನ್ನು ಆರಿಸಿಕೊಂಡ. 1872ರಲ್ಲಿ ಅವನ ನೆರವಿಗೆ ಕಳುಹಿಸಿದ ತಂಡದಲ್ಲಿ ಇನ್ನೂ ಕೆಲವರಿದ್ದರು. ಜೇಕಬ್ ವೈನ್‌ರೈಟ್ ಎಂಬ ತರುಣ ಅವರಲ್ಲೊಬ್ಬ.

1873ರ ಮೇ ತಿಂಗಳ ಆರಂಭದಲ್ಲಿ, ಇಂದಿನ ಜಾಂಬಿಯಾದ ಚಿತಾಂಬೋ ಎಂಬಲ್ಲಿ ಲಿವಿಂಗ್‌ಸ್ಟನ್ ತೀರಿಕೊಂಡ. ಅಲ್ಲಿಯೇ ಮಣ್ಣುಮಾಡಿ ಮನೆಗೆ ಹೋಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆ ಆಫ್ರಿಕನ್ನರು ಹಾಗೆ ಮಾಡಲಿಲ್ಲ. ಹೃದಯವನ್ನು ಒಂದು ಮರದ ಬುಡದಲ್ಲಿ ಹೂಳಿದರು. ಜೇಕಬ್ ಶವಸಂಸ್ಕಾರದ ಪ್ರಾರ್ಥನೆ ಓದಿ ಮರದ ಮೇಲೆ ಹೆಸರು ಕೆತ್ತಿದ. ದೇಹವನ್ನು ಉಪ್ಪು ಹಾಕಿ ಬಿಸಿಲಿಗೆ ಒಣಗಿಸಿ, ಬಟ್ಟೆ ಮತ್ತು ಮರದ ತೊಗಟೆಯಲ್ಲಿ ಸುತ್ತಿ, ಚುಮಾ ಮತ್ತು ಸುಸಿ ಎಂಬಿಬ್ಬರ ಮುಂದಾಳತ್ವದಲ್ಲಿ ಕರಾವಳಿಯತ್ತ ಹೊತ್ತು ನಡೆದರು. ಸಾವಿರ ಮೈಲಿಗೂ ಮಿಗಿಲಾದ ದಾರಿ. ನಡುವೆ ಎದುರಾದ ಇಂಗ್ಲಿಷ್ ಅಧಿಕಾರಿಯೊಬ್ಬ ಇಲ್ಲಿಯೇ ಹೂಳಿಬಿಡಿ ಎಂದರೂ ಒಪ್ಪಲಿಲ್ಲ. 1874ರ ಫೆಬ್ರವರಿಯಲ್ಲಿ ಬಾಗಮೋಯೋ ತಲುಪಿದರು. ಏಪ್ರಿಲ್ 18ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವಾಗ, ಪೆಟ್ಟಿಗೆಯ ಜೊತೆ ನಡೆದವರಲ್ಲಿ ನಾಶಿಕದ ಆ ಹುಡುಗ ಜೇಕಬನೂ ಇದ್ದ.

ಇಂಗ್ಲಿಷ್ ಸಾಹಿತ್ಯವನ್ನು ವಿಷಯವಾಗಿ ಓದಿದ ಕಾಲದಲ್ಲಿ ಈ ಕಥೆಯನ್ನು ಲಿವಿಂಗ್‌ಸ್ಟನ್ನನ ಕಥೆಯೆಂದೇ ಓದಿದ್ದೆವು. ಅಲ್ಲಿ ಹೊತ್ತವರು ಹಿನ್ನೆಲೆ, ಹೊರಿಸಿಕೊಂಡವನು ನಾಯಕ. ಶರಣಪುರದ ರಸ್ತೆಯಲ್ಲಿ ನಿಂತು ಯೋಚಿಸಿದಾಗ ಕಥೆ ತಿರುಗಿ ಕಂಡಿತು. ಆಶ್ರಯ ಪಡೆದವರೇ ಇಲ್ಲಿ ಹೊರೆ ಹೊತ್ತವರು. ಆಶ್ರಯ ಕೊಟ್ಟವರು ದೋಷವಿಲ್ಲದವರೇನೂ ಅಲ್ಲ. ಜೇಕಬ್ ವೈನ್‌ರೈಟ್ ಎಂಬುದು ಆತನ ತಾಯಿ ಕರೆದ ಹೆಸರಲ್ಲ. ಆಶ್ರಯ ಕೊಟ್ಟ ಕೈಯೇ ಹೆಸರನ್ನು ಕಳಚಿಕೊಂಡಿತ್ತು. ನಮ್ಮ ಬರಗಾಲದ ಹುಡುಗಿಗೂ ಅದೇ ಆಗಿರಬೇಕು. ಕೊಡುವವರಿಗೆ ತಾವೇ ಕಥೆಯ ನಾಯಕರೆಂಬ ಭ್ರಮೆ ಬೇಗ ಹತ್ತುತ್ತದೆ.

ಅದೇ ಶರಣಪುರದಲ್ಲಿ ಕಮ್ಮಾರಿಕೆ ಕಲಿತ ವಿಲಿಯಂ ಜೋನ್ಸ್ ಎಂಬ ಇನ್ನೊಬ್ಬ ಮುಂದೆ ಮೊಂಬಾಸಾದ ಹತ್ತಿರದ ರಬಾಯಿಯಲ್ಲಿ ಕ್ರೈಸ್ತ ಸಭೆಯ ಸೇವಕನಾದ. ಒಡೆಯರಿಂದ ತಪ್ಪಿಸಿಕೊಂಡು ಓಡಿಬಂದ ಗುಲಾಮರಿಗೆ ಅಲ್ಲಿ ನೆಲೆ ಕೊಟ್ಟ. ಒಡೆಯರು ಮರಳಿ ಕೊಡೆಂದು ಬಂದಾಗ ಬಿಟ್ಟುಕೊಡಲಿಲ್ಲ. ಕೊನೆಗೆ ಒಡೆಯರಿಗೆ ಪರಿಹಾರ ಕೊಟ್ಟು, 1889ರ ಜನವರಿ 1ರಂದು ಸಾವಿರಕ್ಕೂ ಹೆಚ್ಚು ಜನರಿಗೆ ಬಿಡುಗಡೆಯ ಪತ್ರ ನೀಡಲಾಯಿತು. ಒಮ್ಮೆ ಸರಪಳಿಯಲ್ಲಿದ್ದವನು ಕಟ್ಟಿದ ಇನ್ನೊಂದು ಶರಣಪುರವಿದು. ಅವನಿಗೆ ನೆರವಾಗಲು ಪ್ರೇರಣೆ ಎಲ್ಲಿಂದ ಬಂದಿರಬೇಕು? ತಾನು ನೆರವಾಗುವವರ ಪಾಳಿಯವನೆಂಬ ಭಾವನೆಯಿಂದಂತೂ ಅಲ್ಲ. ತಾನು ಓಡಿಬಂದವರ ಪಾಳಿಯವನೆಂಬುದನ್ನು ಅವನು ಮರೆಯಲಿಲ್ಲ. ನಾವು ಮರೆತಿದ್ದೆವು.

2021ರ ಏಪ್ರಿಲ್‌ನಲ್ಲಿ ನಮ್ಮ ಸರದಿ ಬಂತು. ಇಬ್ಬರೂ ಒಂದೇ ದಿನ ಮಲಗಿದೆವು. ನಗರದಲ್ಲಿ ಹಾಸಿಗೆಗಳಿರಲಿಲ್ಲ. 21ರಂದು ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕ ಸೋರಿ ಇಪ್ಪತ್ತಕ್ಕೂ ಹೆಚ್ಚು ರೋಗಿಗಳು ತೀರಿಕೊಂಡ ಸುದ್ದಿಯನ್ನು ನಾವು ಹಾಸಿಗೆಯಲ್ಲೇ ಕೇಳಿದೆವು. ಹನ್ನೆರಡು ವರ್ಷದ ಮಗಳು ಒಳಕೋಣೆಯಲ್ಲಿ ಒಬ್ಬಳೇ. ಪರಿಚಿತರೆಲ್ಲ ಫೋನಿನಲ್ಲಿ ಪ್ರಾರ್ಥಿಸಿದರು. ಮೆಟ್ಟಿಲು ಹತ್ತಿ ಯಾರೂ ಬರಲಿಲ್ಲ. ಅವರನ್ನು ದೂರುವ ಹಕ್ಕು ನಮಗಿರಲಿಲ್ಲ.

ಮೂರನೆಯ ದಿನ ಬಾಗಿಲ ಹೊರಗೆ ಅದೇ ಧ್ವನಿ. "ಬಾಗಲಾ ತೆಗೀರಿ ಅಕ್ಕೋರ. ರೊಟ್ಟಿ ತಂದೀನಿ."

ಊರಿನಲ್ಲಿ ಕೂಲಿ ಸಾಲದೆ ಆತ ಸಾತಪುರಕ್ಕೆ ಮರಳಿದ್ದ. ವಾಚ್‌ಮನ್ ಸುದ್ದಿ ಹೇಳಿದ್ದ. ಅಂದಿನಿಂದ ಹನ್ನೊಂದು ದಿನ ಎರಡು ಹೊತ್ತೂ ಜೋಳದ ರೊಟ್ಟಿ, ತೆಳುಸಾರು, ಮಗಳಿಗೆ ಹಾಲು ತಂದುಕೊಟ್ಟ. ನಮ್ಮಿಬ್ಬರಲ್ಲಿ ಒಬ್ಬರ ಆಮ್ಲಜನಕದ ಮಟ್ಟ 88ಕ್ಕೆ ಇಳಿದ ರಾತ್ರಿ, ಹೆಗಲ ಮೇಲೆ ಕೈ ಹಾಕಿಸಿಕೊಂಡು ಮೂರು ಮಹಡಿ ಇಳಿಸಿ ಆಟೋದಲ್ಲಿ ಕೂರಿಸಿದವನು ಅವನೇ. ಮುಟ್ಟಲು ಆತ ಹಿಂದೆಮುಂದೆ ನೋಡಲಿಲ್ಲ.

ಗುಣವಾದ ಮೇಲೆ, ಹೋದ ವರ್ಷದ ಮಾತನ್ನು ನಾವೇ ಎತ್ತಿ ಕ್ಷಮೆ ಕೇಳಿದೆವು. ಆತ ನಕ್ಕ.

"ಎಲ್ಲರೂ ಹೆದರಿದ್ರು ಬಿಡ್ರಿ. ಅಹಮದನಗರ ದಾಟಿದ ಮ್ಯಾಲ ನಮ್ಮ ಕೂಸಿಗಿ ಜ್ವರ ಬಂದ್ವು. ಒಬ್ಬ ಮುದುಕಿ ದನದ ಕೊಟಗ್ಯಾಗ ಜಾಗ ಕೊಟ್ಟು ನಾಕು ದಿನಾ ಇಟ್ಕೊಂಡ್ಳು. ಅಕಿ ಮರಾಠಿ, ನಾವು ಕನ್ನಡ. ಹೆಸರ ಸೈತ ಕೇಳಲಿಲ್ಲ. ಅಕಿ ಋಣಾ ಅಕಿಗಿ ಹೆಂಗ ತೀರಿಸ್ಲಿ? ಎದುರಿಗಿ ಬಂದೋರಿಗಿ ತೀರಿಸ್ಬೇಕಲ್ರಿ."

ಆತ ಕಲಬುರಗಿಯ ಶರಣಬಸವೇಶ್ವರರ ಭಕ್ತ. ದಾಸೋಹದ ಅನ್ನ ಉಂಡು ಬೆಳೆದವನು. ನಮ್ಮ ಸಭೆಯ ಹೊರಗಿನವನು. ಸಮಾರ್ಯದವನ ಕಥೆಯಲ್ಲಿ ನಾವು ಇಷ್ಟು ವರ್ಷ ತಪ್ಪು ಪಾತ್ರ ವಹಿಸಿಕೊಂಡಿದ್ದೆವೆಂಬುದು ಆಗ ಸ್ಪಷ್ಟವಾಯಿತು. ಆ ಕಥೆ ಕೇಳುವವರೆಲ್ಲ ತಾವು ಸಮಾರ್ಯದವನಂತೆ ಆಗಬೇಕು, ಯಾಜಕನಂತೆ ಆಗಬಾರದು ಎಂದುಕೊಳ್ಳುತ್ತಾರೆ. ದಾರಿಯಲ್ಲಿ ಬಿದ್ದವನು ತಾನೇ ಎಂದು ಯಾರೂ ಎಣಿಸುವುದಿಲ್ಲ. ಆದರೆ ನೆರೆಯವನು ಯಾರು ಎಂದು ಕೇಳಿದ ಧರ್ಮೋಪದೇಶಕನನ್ನು ಕರ್ತನು ಬಿದ್ದವನ ಪಕ್ಕದಲ್ಲೇ ಮಲಗಿಸಿ, ಅಲ್ಲಿಂದ ನೋಡು, ಯಾರು ನೆರೆಯವನಾದ ಎಂದು ತಿರುಗಿ ಕೇಳುತ್ತಾನೆ. ನೆಲದ ಮೇಲಿಂದ ನೋಡಿದಾಗ ಬಂದವನ ಜಾತಿ, ಮತ, ಭಾಷೆ ಕಾಣುವುದಿಲ್ಲ. ಬಂದನೋ ಇಲ್ಲವೋ ಎಂಬುದಷ್ಟೇ ಕಾಣುತ್ತದೆ. ನಮ್ಮ ವಿಶ್ವಾಸದ ತಳಹದಿಯೂ ಇದೇ ಅಲ್ಲವೆ? ಮೊದಲು ಎತ್ತಲ್ಪಟ್ಟವರು ನಾವು. ಎತ್ತುವುದು ಆಮೇಲಿನ ಮಾತು.

ಈಗ ಭಾನುವಾರದ ಆರಾಧನೆ ಮುಗಿದ ಮೇಲೆ, ಕೂಲಿಯವರು ವಾಸವಿರುವ ಓಣಿಯ ತಲೆಬಾಗಿಲಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಜಾಗ ಗೊತ್ತುಮಾಡಿಕೊಟ್ಟವನು ಆತನೇ. ಇ-ಶ್ರಮ್ ನೋಂದಣಿ, ಶಾಲೆಯ ಅರ್ಜಿ, ಬ್ಯಾಂಕಿನ ಕಾಗದ ತುಂಬಿಕೊಡುತ್ತೇವೆ. ಕರ್ನಾಟಕದ ಪಡಿತರ ಚೀಟಿಗೆ ಆಧಾರ್ ಜೋಡಿಸಿದ್ದರೆ ಇಲ್ಲಿಯ ಅಂಗಡಿಯಲ್ಲೂ ಧಾನ್ಯ ಪಡೆಯಬಹುದೆಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಒಬ್ಬರ ಪಾಲು ಇಲ್ಲಿ, ಊರಿನಲ್ಲಿರುವ ವೃದ್ಧರ ಪಾಲು ಅಲ್ಲಿ ಎಂದು ಹಂಚಿಕೊಳ್ಳಲೂ ಬರುತ್ತದೆ. ಅದನ್ನು ಹೇಳುತ್ತೇವೆ. ದೊಡ್ಡ ಸೇವೆಯೇನಲ್ಲ. ಹೊರನಾಡಿನಲ್ಲಿ ಮೇಜಿನ ಉದ್ಯೋಗ ಮಾಡುವ ಯಾವ ಕನ್ನಡಿಗನಾದರೂ ವಾರಕ್ಕೆ ಎರಡು ಗಂಟೆ ಮಾಡಬಹುದಾದ ಕೆಲಸ. ಅಂದು ಅರ್ಧ ಗಂಟೆ ಕೊಡಲಾರದೆ ಉಳಿಸಿಕೊಂಡ ಬಾಕಿಯನ್ನು ಬೇರೆಯವರಿಗೆ ತೀರಿಸುತ್ತಿದ್ದೇವೆ, ಅಷ್ಟೆ.

ರಾತ್ರಿ ಹೊತ್ತು ಬಾಗಿಲು ಬಡಿದರೆ ನಮಗೆ ಈಗಲೂ ಮೊದಲು ಬರುವುದು ಹೆದರಿಕೆಯೇ. ಅದು ಹೋಗಲಿ ಎಂದು ಕಾಯುವುದನ್ನು ಬಿಟ್ಟಿದ್ದೇವೆ. ಹೆದರಿಕೊಂಡೇ ಎದ್ದುಹೋಗಿ ತೆರೆಯುತ್ತೇವೆ.