ಯಾರ ಮನಿ ಮಗಳು?

ಹಂಪಿಯಲ್ಲಿ ರಾಯಗೋಪುರ ದಾಟಿ ವಿರೂಪಾಕ್ಷನ ಒಳ ಅಂಗಳಕ್ಕೆ ಬಂದಿದ್ದೀರಿ. ಬೆಳಗಿನ ಏಳೂವರೆ. ಚಪ್ಪಲಿ ಹೊರಗೆ ಬಿಟ್ಟ ಕಾಲಿಗೆ ಹಾಸುಗಲ್ಲು ಇನ್ನೂ ತಣ್ಣಗಿದೆ. ಗೈಡೊಬ್ಬ ನಾಲ್ಕು ಜನರನ್ನು ಒಟ್ಟುಹಾಕಿಕೊಂಡು, ಗೋಪುರದ ತಲೆಕೆಳಗಾದ ನೆರಳು ತೋರಿಸುತ್ತೇನೆಂದು ಗುಡಿಯ ಹಿಂಭಾಗಕ್ಕೆ ಓಡುತ್ತಿದ್ದಾನೆ. ನೀವು ಅವನ ಹಿಂದೆ ಹೋಗಬೇಡಿ. ರಂಗಮಂಟಪದ ಮುಂದೆ ನಿಲ್ಲಿಸಿರುವ ಶಾಸನದ ಕಲ್ಲಿನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಪಟ್ಟಕ್ಕೆ ಬಂದ ಸಂಭ್ರಮಕ್ಕೆ ಕೃಷ್ಣದೇವರಾಯ 1510ರಲ್ಲಿ ಹಾಕಿಸಿದ ಕಲ್ಲು ಇದು. ಮಂಟಪ ಕಟ್ಟಿಸಿದ್ದು, ಗೋಪುರ ಎತ್ತಿಸಿದ್ದು, ದೇವರಿಗೆ ಊರು ಬಿಟ್ಟದ್ದು ಎಲ್ಲವನ್ನೂ ಸಂಸ್ಕೃತದಲ್ಲೂ ಕನ್ನಡದಲ್ಲೂ ಕೊರೆಸಿದ್ದಾನೆ.

ನಮಗೆ ಬೇಕಾದ್ದು ಸಂಸ್ಕೃತದ ಭಾಗದಲ್ಲಿರುವ ವಂಶಾವಳಿ. ಶುರುವಾಗುವುದು ಚಂದ್ರನಿಂದ. ಬುಧ, ಪುರೂರವ, ಆಯು, ನಹುಷ, ಯಯಾತಿ, ತುರ್ವಸು. ಅಲ್ಲಿಂದ ಒಂದೇ ನೆಗೆತಕ್ಕೆ ತಿಮ್ಮ. ಅವನ ಹೆಂಡತಿ ದೇವಕಿ. ಮಗ ಈಶ್ವರ, ಸೊಸೆ ಬುಕ್ಕಮ್ಮ. ಅವರ ಮಗ ನರಸ. ದಶರಥನಿಗೆ ಕೌಸಲ್ಯೆ, ಸುಮಿತ್ರೆಯರಲ್ಲಿ ಮಕ್ಕಳಾದ ಹಾಗೆ ನರಸನಿಗೆ ತಿಪ್ಪಾಜಿಯಲ್ಲಿ ವೀರನರಸಿಂಹ, ನಾಗಲೆಯಲ್ಲಿ ಕೃಷ್ಣರಾಯ. ಗಂಡಸರ ಸಾಲು ಚಂದ್ರನನ್ನು ಮುಟ್ಟಿ ಬಂತು. ನಾಗಲೆಯ ಸಾಲು ಒಂದು ತಲೆಮಾರು ಕೂಡ ಹಿಂದಕ್ಕೆ ಹೋಗುವುದಿಲ್ಲ. ಆಕೆಯ ಅಪ್ಪ ಯಾರು, ಯಾವ ಊರಾಕೆ ಎಂಬುದು ಈ ಕಲ್ಲಿನಲ್ಲಿಲ್ಲ. ನರಸನ ಇನ್ನೊಬ್ಬ ಹೆಂಡತಿ ಓಬಾಂಬಿಕೆಯ ಹೆಸರು ನೆಲೆಯಾಗಿ ನಿಲ್ಲುವುದು ಆಕೆಯ ಮಗ ಅಚ್ಯುತ 1529ರಲ್ಲಿ ಪಟ್ಟವೇರಿದ ಮೇಲಿನ ಶಾಸನಗಳಲ್ಲಿ. ಮಗ ಗದ್ದುಗೆ ಹತ್ತಿದರೆ ತಾಯಿ ಕಲ್ಲಿಗೆ ಏರುತ್ತಾಳೆ. ತಾಯಿಯ ತವರು ಆಗಲೂ ಕೆಳಗೇ ಉಳಿಯುತ್ತದೆ.

ಈ ಅಂಗಳದಲ್ಲಿ ಹೆಂಡತಿಯಿಂದ ಗುರುತು ಪಡೆದ ಗಂಡ ಒಬ್ಬನೇ, ಅವನು ಒಳಗಿರುವ ದೇವರು. ಹೊಳೆಯ ದಂಡೆಯ ಪಂಪಾದೇವಿ ಇಲ್ಲಿಗೆ ಮೊದಲಿನವಳು. ಅವಳನ್ನು ಮದುವೆಯಾಗಿ ಅವನು ಪಂಪಾಪತಿ ಆದ. ಫಲಪೂಜೆಯಲ್ಲಿ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣ ಮತ್ತು ತೇರು ಇವತ್ತಿಗೂ ತಪ್ಪಿಲ್ಲ. ಅಳಿಯನಾಗಿ ಬಂದು ಮನೆ ಯಜಮಾನನಾದ ಕಥೆಗಳು ನಮ್ಮ ಊರುಗಳಲ್ಲೂ ಬೇಕಾದಷ್ಟಿವೆ ಬಿಡಿ.

ಹೊಸಪೇಟೆಯ ಬಸ್ಸು ಹತ್ತಿ. ದಾರಿಯಲ್ಲಿ ಅನಂತಶಯನಗುಡಿ ಸಿಗುತ್ತದೆ. ದೇವರೇ ಇಲ್ಲದ ದೊಡ್ಡ ಗರ್ಭಗುಡಿ, ಮೇಲೆ ಎತ್ತರದ ಕಮಾನಿನ ಛಾವಣಿ. ಕೃಷ್ಣದೇವರಾಯ 1524ರಲ್ಲಿ ಮಗ ತಿರುಮಲರಾಯನ ಹೆಸರಲ್ಲಿ ಕಟ್ಟಿಸಿದ ಊರಿನ ಗುಡಿ. ಮಗನ ಹೆಸರಿನ ಬಗ್ಗೆ ಯಾರಿಗೂ ಗೊಂದಲವಿಲ್ಲ. ಮುಂದೆ ಹೊಸಪೇಟೆಗೆ ಬಂದರೆ ಗೊಂದಲ ಶುರು. ಊರಿಗೆ ಹಿಂದೆ ನಾಗಲಾಪುರ ಎಂಬ ಹೆಸರಿತ್ತು, ತಾಯಿ ನಾಗಲಾದೇವಿಯ ನೆನಪಿಗೆ ಕಟ್ಟಿಸಿದ್ದು ಎನ್ನುತ್ತಾರೆ ಇಲ್ಲಿನ ಹಿರಿಯರು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್, ರಾಜ ಇದನ್ನು ತನ್ನ ಪ್ರೀತಿಯ ಹೆಂಡತಿಗಾಗಿ ಕಟ್ಟಿಸಿದ ಎಂದು ಬರೆದುಕೊಂಡ. ಶಾಸನಗಳಲ್ಲಿ ಪಟ್ಟದ ರಾಣಿ ತಿರುಮಲಾದೇವಿಯ ಹೆಸರಿನ ಪಟ್ಟಣವಾಗಿಯೂ ಕಾಣಿಸುತ್ತದೆ. ಅಮ್ಮನೋ ಹೆಂಡತಿಯೋ ಎಂದು ಒಂದು ಊರೇ ಐನೂರು ವರ್ಷಗಳಿಂದ ಜಗ್ಗಾಡುತ್ತಿದೆ.

ಈ ಸೀಮೆಯಲ್ಲಿ ತವರು ಚೆನ್ನಾಗಿ ಗೊತ್ತಿರುವ ರಾಣಿಯೊಬ್ಬಳಿದ್ದಾಳೆ. ಕಮಲಾಪುರ ದಾಟಿ ಪಟ್ಟಾಭಿರಾಮನ ಗುಡಿಗೆ ಹೋಗಿ. ಸುತ್ತಲಿನ ಬಾಳೆತೋಟ, ಗದ್ದೆಗಳ ಜಾಗದಲ್ಲಿ ಆಗ ವರದಾದೇವಿ ಅಮ್ಮನ ಪಟ್ಟಣವಿತ್ತು. ಅಚ್ಯುತರಾಯನ ರಾಣಿ ವರದಾಂಬಿಕೆ ಸಲಕರಾಜರ ಮನೆಯ ಮಗಳು. ಅದು ಹೇಗೆ ಉಳಿಯಿತೆಂದರೆ, ಆಕೆಯ ಅಣ್ಣತಮ್ಮಂದಿರು ದೊಡ್ಡವರಾದರು. ಹಿರಿಯ ತಿರುಮಲರಾಜ 1534ರಲ್ಲಿ ತಿರುವೆಂಗಳನಾಥನ ಗುಡಿ ಕಟ್ಟಿಸಿದ, ಜನ ಈಗ ಅಚ್ಯುತರಾಯನ ಗುಡಿ ಎನ್ನುತ್ತಾರೆ. ಕಿರಿಯ ತಿರುಮಲ 1542ರಲ್ಲಿ ಅಚ್ಯುತ ಸತ್ತ ಮೇಲೆ, ಪಟ್ಟಕ್ಕೆ ಕೂತ ಎಳೆಯ ವೆಂಕಟನನ್ನು, ಅಂದರೆ ಸ್ವಂತ ಅಕ್ಕನ ಮಗನನ್ನೇ, ಕೊಲ್ಲಿಸಿ ಗದ್ದುಗೆ ಹಿಡಿದ. ವರದಾಂಬಿಕೆಯ ಮದುವೆಯ ಕಥೆಯನ್ನು ಸಂಸ್ಕೃತದಲ್ಲಿ ಬರೆದವಳೂ ಹೆಂಗಸೇ, ತಿರುಮಲಾಂಬೆ. ಆ ‘ವರದಾಂಬಿಕಾ ಪರಿಣಯ’ದ ಹಸ್ತಪ್ರತಿ ತಂಜಾವೂರಿನ ಗ್ರಂಥಾಲಯದಲ್ಲಿ ಸಿಕ್ಕಿತು. ಹೆಣ್ಣಿನ ತವರು ದಾಖಲೆಗೆ ಬರಬೇಕಾದರೆ ಅಣ್ಣ ಗುಡಿ ಕಟ್ಟಿಸಬೇಕು, ಇಲ್ಲವೇ ತಮ್ಮ ಕೊಲೆ ಮಾಡಿಸಬೇಕು.

ಕಂಪ್ಲಿಯ ದಾರಿ ಹಿಡಿಯಿರಿ. ಎಡಬಲಕ್ಕೆ ಕಾಲುವೆ ನೀರು, ಭತ್ತದ ಗದ್ದೆ, ಕಬ್ಬು. ಒಕ್ಕಣೆ ಮುಗಿದ ಹೊತ್ತು, ರಸ್ತೆಯ ಅರ್ಧಕ್ಕೆ ಭತ್ತ ಹರವಿ ಒಣಹಾಕಿದ್ದಾರೆ. ಊರೊಳಗೆ ಒಂದು ಮನೆಯ ಕಟ್ಟೆಯ ಮೇಲೆ ಜನ ಸೇರಿದ್ದಾರೆ. ಮನೆತನಗಳ ವಂಶಾವಳಿ ಬರೆದಿಟ್ಟು ಓದುವ ಹೆಳವರು ಬಂದಿದ್ದಾರೆ. ಮೊದಲಾಗಿದ್ದರೆ ಎತ್ತಿನ ಕೊರಳ ಗಂಟೆಯ ಸದ್ದಿಗೇ ಊರಿಗೆ ಗೊತ್ತಾಗುತ್ತಿತ್ತು. ಎತ್ತಿನ ಮೇಲೆ ಕೂತು ಮನೆ ಮುಂದೆ ನಿಂತು ಹಿರೀಕರ ಹೆಸರು ಕೂಗುತ್ತಿದ್ದರು. ಈಗ ಬೈಕು. ಟ್ಯಾಂಕಿನ ಮೇಲೆ ಕಟ್ಟಿದ್ದ ಗಂಟನ್ನು ಬಿಚ್ಚಿ, ಬಟ್ಟೆಯ ಪದರ ಸರಿಸಿ, ಹೆಳವರಜ್ಜ ದಪ್ಪ ಪುಸ್ತಕ ತೆಗೆಯುತ್ತಾನೆ. ಅಂಚು ಸವೆದು ದುಂಡಗಾಗಿದೆ. ಹಳೆಯ ಹಾಳೆಗಳಲ್ಲಿ ಶಾಯಿ ಕಂದಾಗಿದೆ, ಮೊನ್ನೆಮೊನ್ನೆಯವು ಬಾಲ್‌ಪೆನ್ನಿನ ನೀಲಿ. ಮಧ್ಯೆ ಮಧ್ಯೆ ಅಪ್ಪನ ಕೈಬರಹ, ಅಜ್ಜನ ಕೈಬರಹ.

ಅಜ್ಜ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಮೂಲ ಊರು, ಬೆಡಗು, ಮನೆದೇವರು. ಬರಗಾಲದಲ್ಲಿ ಯಾವ ಊರು ಬಿಟ್ಟರು, ಎಲ್ಲಿ ಎರಡು ತಲೆಮಾರು ಇದ್ದರು, ಈ ಹೊಳೆದಂಡೆಗೆ ಯಾವಾಗ ಬಂದರು. ಆಮೇಲೆ ಹೆಸರುಗಳು, ಇಂಥವನಿಗೆ ನಾಲ್ಕು ಗಂಡುಮಕ್ಕಳು, ಹಿರಿಯವನ ಹೊಟ್ಟೆಯಲ್ಲಿ ಇಬ್ಬರು, ಕಿರಿಯವನದು ‘ಬಯಲಾತು’ ಎಂದರೆ ಅಲ್ಲಿಗೆ ಸಂತಾನ ಮುಗಿಯಿತು. ಓದುವುದೂ ಹಾಡುವುದೂ ಒಂದೇ ಆಗಿ ಮಾತು ಇಳಿಯುತ್ತದೆ. ಮನೆ ಯಜಮಾನ ತನ್ನ ಮುತ್ತಜ್ಜನ ಹೆಸರು ಬಂದ ಕೂಡಲೇ ಕೂತಲ್ಲೇ ನೆಟ್ಟಗಾದ. ಮೊಮ್ಮಗ ಮೊಬೈಲು ಹಿಡಿದು ರೆಕಾರ್ಡು ಮಾಡುತ್ತಿದ್ದಾನೆ. ಹೊಸದಾಗಿ ಹುಟ್ಟಿದ ಕೂಸಿನ ಹೆಸರು ಬರೆದಾಯಿತು. ಮೊರದಲ್ಲಿ ಭತ್ತ, ಒಂದು ಪಂಚೆ, ಮೇಲೆ ನೋಟು. ಹೋರಿಕರು ಕೊಡುತ್ತಿದ್ದ ಕಾಲ ಹೋಯಿತು ಎಂದು ಅಜ್ಜ ನಗುತ್ತ ಗೊಣಗಿದ.

ಬಾಗಿಲ ಹೊಸ್ತಿಲ ಹತ್ತಿರ ಕೂತಿದ್ದ ಮುದುಕಿ ಆಗ ಬಾಯಿ ಬಿಟ್ಟಳು.

“ಎಲ್ಲಾ ಓದಿದಿ ಯಪ್ಪಾ. ನಮ್ಮಪ್ಪನ ಹೆಸರು ಎಲ್ಲೈತಿ ಅದರಾಗ?”

“ನಿನ್ನ ತೌರುಮನಿ ನಮ್ಮ ಒಕ್ಕಲು ಅಲ್ಲಬೇ. ಬ್ಯಾರೆ ಹೆಳವರ ಪಾಲಿಗೆ ಬಂದೈತಿ. ಅವರ ಪುಸ್ತಕದಾಗ ಇರ್ತಾನ ನಿಮ್ಮಪ್ಪ.”

“ಅವರ ಪುಸ್ತಕದಾಗ ನಾನು ಇರ್ತೀನೇನು?”

ಅಜ್ಜ ಪುಸ್ತಕ ಮುಚ್ಚಿದ. “ಹೆಣ್ಮಕ್ಕಳ ಕಡಿಂದೂ ಬರ್ಕಂತ ಹೋದ್ರ ಪುಸ್ತಕ ಸಾಲಂಗಿಲ್ಲಬೇ.”

ಎಲ್ಲರೂ ನಕ್ಕರು, ಮುದುಕಿಯೂ ನಕ್ಕಳು. ಅಜ್ಜನನ್ನು ಬೈಯಲು ಬರುವುದಿಲ್ಲ. ಸೀಮೆಯ ರೈತರ ಹತ್ತು ಹದಿನೈದು ತಲೆಮಾರನ್ನು ಯಾರ ಸಂಬಳವೂ ಇಲ್ಲದೆ ಹೊತ್ತು ತಿರುಗಿದ ಜನ ಅವರು. ಆದರೆ ಆ ಮನೆಯ ಸೊಸೆಯ ಬೇರು ಹುಡುಕುವವರು ಇನ್ನೊಂದು ಊರಿಗೆ, ಇನ್ನೊಬ್ಬ ಹೆಳವನ ಪುಸ್ತಕಕ್ಕೆ ಹೋಗಬೇಕು. ಆಕೆಯ ತಾಯಿಯದಾದರೆ ಮೂರನೆಯ ಊರಿಗೆ.

ಇದೇ ಕಂಪ್ಲಿಯ ಮಣ್ಣಲ್ಲಿ ಇದಕ್ಕಿಂತ ಕಠೋರವಾದ ದಾಖಲೆಯೊಂದಿದೆ. 1327ರಲ್ಲಿ ದೆಹಲಿಯ ತುಘಲಕನ ದಂಡು ಮುತ್ತಿದಾಗ ಇಲ್ಲಿನ ಅರಸ ಕಂಪಿಲರಾಯನ ಕಥೆ ಮುಗಿಯಿತು. ಅದನ್ನು ಕೇಳಿ ಬರೆದ ಪ್ರವಾಸಿ ಇಬ್ನ್ ಬತೂತ, ಅರಮನೆಯ ಹೆಂಗಸರು ಮಿಂದು, ಗಂಧ ಪೂಸಿಕೊಂಡು, ರಾಜನ ಮುಂದೆ ನೆಲ ಮುಟ್ಟಿ ಬೆಂಕಿಗೆ ಹಾರಿದರು ಎನ್ನುತ್ತಾನೆ. ಸೆರೆಸಿಕ್ಕು ಮುಸಲ್ಮಾನರಾದ ರಾಜಕುಮಾರರಲ್ಲಿ ಮೂವರನ್ನು ಅವನು ಕಣ್ಣಾರೆ ಕಂಡಿದ್ದ. ನಸ್ರ್, ಬಖ್ತಿಯಾರ್, ಇನ್ನೊಬ್ಬ ತನ್ನ ಗೆಳೆಯನೇ ಆದ ಅಬೂ ಮುಸ್ಲಿಂ ಎಂದು ಗುರುತು ಕೊಡುತ್ತಾನೆ. ಗಂಡುಮಕ್ಕಳು ಧರ್ಮ, ಹೆಸರು, ಊರು ಎಲ್ಲ ಬದಲಾದರೂ ಪುಸ್ತಕದಲ್ಲಿ ಉಳಿದರು. ಬೆಂಕಿಗೆ ಹಾರಿದವರಲ್ಲಿ ಒಬ್ಬಳ ಹೆಸರೂ ಅದರಲ್ಲಿಲ್ಲ.

ಬಿಳಿಯರ ರಿಜಿಸ್ಟರುಗಳಲ್ಲಿ ಹೆಂಗಸರ ಪಾಡು ಇದಕ್ಕಿಂತ ಮೇಲು ಎಂದುಕೊಂಡಿದ್ದರೆ ಬಳ್ಳಾರಿಗೆ ಬನ್ನಿ. ದಂಡಿನ ಊರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತ ಊರು. ಮದ್ರಾಸ್ ಪ್ರಾಂತದ ಇಂಥ ಊರುಗಳ ಗೋರಿಬರಹಗಳನ್ನು ಜೂಲಿಯನ್ ಜೇಮ್ಸ್ ಕಾಟನ್ 1905ರಲ್ಲಿ ಪುಸ್ತಕ ಮಾಡಿದ. ಅಂಥ ಕಲ್ಲುಗಳ ಧಾಟಿ ಒಂದೇ: ಇಂಥ ಪಾದ್ರಿಯ ಹೆಂಡತಿ, ಇಷ್ಟು ವಯಸ್ಸು, ಇಂಥ ದಿನ. ಪಾದ್ರಿ ಐರ್ಲೆಂಡಿನವನಾದರೆ ಅವನ ಬೆನ್ನು ಹತ್ತುವುದು ಸುಲಭ. ಕ್ಯಾನನ್ ಲೆಸ್ಲಿ ಎಂಬ ಪಾದ್ರಿಯೇ ತನ್ನ ಆಯುಷ್ಯ ಸವೆಸಿ ಐರ್ಲೆಂಡ್ ಚರ್ಚಿನ ಪಾದ್ರಿಗಳ ಪಟ್ಟಿಗಳನ್ನು ತಯಾರಿಸಿಟ್ಟಿದ್ದಾನೆ. ಬಳ್ಳಾರಿಯ ಪಾದ್ರಿಯ ಹೆಂಡತಿ ಆ ಪಟ್ಟಿಗಳಲ್ಲಿ ಸಿಕ್ಕರೆ ಒಂದು ಸಾಲಿನಲ್ಲಿ ‘ಇಂಥವರ ಮಗಳು’ ಎಂದು ಸಿಗುತ್ತಾಳೆ. ಆ ಇಂಥವರನ್ನು ಹುಡುಕಿಕೊಂಡು ಹೋದರೆ ಡಬ್ಲಿನ್ನಿನಲ್ಲಿ ಬೂದಿ. ಅಲ್ಲಿನ ಫೋರ್ ಕೋರ್ಟ್ಸ್ ಕಟ್ಟಡದ ದಾಖಲೆ ಭಂಡಾರ 1922ರ ಜೂನ್ 30ರಂದು ಅಂತರ್ಯುದ್ಧದಲ್ಲಿ ಸಿಡಿದು ಸುಟ್ಟುಹೋಯಿತು. ಸುರಕ್ಷಿತವಾಗಿರಲೆಂದು ಊರೂರಿನಿಂದ ತರಿಸಿಟ್ಟಿದ್ದ ಚರ್ಚಿನ ರಿಜಿಸ್ಟರುಗಳೂ ಜೊತೆಗೇ ಹೋದವು.

ವಿಚಿತ್ರವೆಂದರೆ, ಆ ಹೆಂಗಸು ಬಳ್ಳಾರಿಯಂಥ ಊರಿಗೆ ಬಂದು ಮದುವೆಯಾಗಿದ್ದರೆ, ಇಲ್ಲಿ ಹೆತ್ತಿದ್ದರೆ ಅಥವಾ ಇಲ್ಲೇ ಸತ್ತಿದ್ದರೆ ಉಳಿದಿದ್ದಾಳೆ. ಮದ್ರಾಸ್ ಪ್ರಾಂತದ ಚರ್ಚುಗಳು ಮದುವೆ, ದೀಕ್ಷಾಸ್ನಾನ, ಮಣ್ಣು ಮಾಡಿದ ಲೆಕ್ಕಗಳ ನಕಲನ್ನು ಲಂಡನ್ನಿಗೆ ಕಳಿಸುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ತವರಲ್ಲಿ ಅಳಿಸಿಹೋದವಳು ಕಂಪನಿ ಸರ್ಕಾರದ ಗುಮಾಸ್ತಿಕೆಯ ದೆಸೆಯಿಂದ ಸಿಗುತ್ತಾಳೆ. ಸಿಕ್ಕರೂ ಮಗುವಿನ ದೀಕ್ಷಾಸ್ನಾನದ ಸಾಲಲ್ಲಿ ಆಕೆಗೆ ಇರುವುದು ತನ್ನ ಹೆಸರು, ಗಂಡನ ಮನೆತನ. ನಾಗಲೆ, ಕಂಪ್ಲಿಯ ಮುದುಕಿ, ಪಾದ್ರಿಯಮ್ಮ ಮೂವರೂ ಒಂದೇ ಕಟ್ಟೆಯ ಮೇಲೆ ಕೂರಬಹುದು.

ಸಂಡೂರಿನಲ್ಲಿ ಒಂದು ಗಳಿಗೆ ನಿಲ್ಲಿ. ಬೆಟ್ಟದ ಕುಮಾರಸ್ವಾಮಿಯ ಗುಡಿಯೊಳಗೆ ಹೆಂಗಸರು ಹೋಗುವಂತಿಲ್ಲ ಎಂಬುದು ಹಳೆಯ ಕಟ್ಟಳೆ. ತಾಯಿ ಪಾರ್ವತಿಯ ಗುಡಿ ಅದೇ ಆವರಣದಲ್ಲಿ, ಮಗನ ಪಕ್ಕಕ್ಕೇ ಇದೆ. ಕೆಳಗೆ ಊರಲ್ಲಿ ಕುಶಲ ಕಲಾ ಕೇಂದ್ರದ ಲಂಬಾಣಿ ಹೆಂಗಸರು ಕಸೂತಿ ಹಾಕುತ್ತ ಕೂತಿರುತ್ತಾರೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆ ಇದೆ. ಯಾರು ಕಲಿಸಿದರು ಎಂದು ಕೇಳಿದರೆ ಉತ್ತರ ಹೆಣ್ಣಿನ ಸಾಲಲ್ಲೇ ಹಿಂದಕ್ಕೆ ಹೋಗುತ್ತದೆ: ಅವ್ವ, ಅವ್ವನ ಅವ್ವ.

ಈಗ ಕಾನೂನೂ ಹೆಂಗಸರ ಹೆಸರು ಕೇಳುತ್ತದೆ. 2005ರ ತಿದ್ದುಪಡಿಯ ಮೇಲೆ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಹಾಗಾಗಿ ಪೌತಿ ಖಾತೆಗೆಂದು ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡುವಂತಿಲ್ಲ. ಯಾವುದಾದರೂ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ, ಪತ್ರ ಬರೆಯುವವರ ಮೇಜಿನ ಹತ್ತಿರ ಅರ್ಧ ಗಂಟೆ ನಿಂತು ನೋಡಿ. ದೂರದ ಊರಿನಿಂದ ಬಸ್ಸಿಳಿದು ಬಂದ ಅಕ್ಕತಂಗಿಯರು ಸಾಲಾಗಿ ಹೆಬ್ಬೆಟ್ಟು ಒತ್ತುತ್ತಿರುತ್ತಾರೆ. ಅಣ್ಣ ಊಟ ಹಾಕಿಸಿದ್ದಾನೆ, ಸೀರೆ ಕೊಟ್ಟಿದ್ದಾನೆ. ಒತ್ತುತ್ತಿರುವುದು ಹಕ್ಕು ಬಿಡುಗಡೆ ಪತ್ರಕ್ಕೆ. ತವರಿನ ವಂಶವೃಕ್ಷದಲ್ಲಿ ಹೆಸರು ಬರುವುದೇ ತವರನ್ನು ಬಿಟ್ಟುಕೊಡುವ ದಿನ.

ಈ ಸುಗ್ಗಿಗೆ ನಿಮ್ಮ ಮನೆಗೆ ಹೆಳವರು ಬಂದರೆ ಮುತ್ತಜ್ಜನ ಹೆಸರು ಕೇಳಿ ಖುಷಿಪಟ್ಟು ಎದ್ದುಬಿಡಬೇಡಿ. ಅಜ್ಜಿಯ ತವರೂರು, ಆಕೆಯ ಅಪ್ಪ ಅವ್ವನ ಹೆಸರು, ಆ ಮನೆಗೆ ಬರುವ ಹೆಳವರು ಯಾರು ಎಂಬುದನ್ನು ಕೇಳಿ ಅದೇ ಪುಸ್ತಕದ ಅಂಚಿನಲ್ಲಿ ಬರೆಸಿ. ಅಜ್ಜಿ ಇರುವಾಗಲೇ ಕೇಳಿ. ಹೆಳವರಜ್ಜ ಅದಕ್ಕೆಂದು ಒಂದು ಮೊರ ಭತ್ತ ಹೆಚ್ಚಿಗೆ ಕೇಳಿದರೆ ಚೌಕಾಸಿ ಮಾಡದೆ ಕೊಟ್ಟುಬಿಡಿ.