ವಿಮಾನದ ಹೊಟ್ಟೆಗೆ ಅಂಟುವ ಎಣ್ಣೆ

ಅಮೆರಿಕದ ಮಿನ್ನೆಸೋಟದಲ್ಲಿರುವ ನನ್ನ ಭಾವಮೈದುನ ನಾಲ್ಕು ವರ್ಷಗಳಿಂದ ತನ್ನ ಗ್ಯಾರೇಜಿನಲ್ಲಿ ವಿಮಾನ ಕಟ್ಟುತ್ತಿದ್ದಾನೆ. ವ್ಯಾನ್ಸ್ ಕಂಪನಿಯ ಆರ್‌ವಿ-9ಎ ಕಿಟ್, ಎರಡು ಸೀಟು, ಲೈಕಮಿಂಗ್ ಒ-320 ಎಂಜಿನ್. ಎಂಜಿನ್ ಕೂರಿಸುವ ಹೊತ್ತಿಗೆ ಅವನಿಂದ ಒಂದು ಪ್ರಶ್ನೆ ಬಂತು: "ಭಾವ, ಏರ್-ಆಯಿಲ್ ಸೆಪರೇಟರ್ ಹಾಕಲಾ? ಹಾಕೋದಾದ್ರೆ ಯಾವುದು?"

ನನ್ನನ್ನು ಕೇಳಿದ್ದಕ್ಕೆ ಕಾರಣವಿದೆ. ನಾನಿರುವುದು ವಡೋದರದ ಮಂಜಲ್‌ಪುರದಲ್ಲಿ. ಹೊಟ್ಟೆಪಾಡು ಪಕ್ಕದ ಮಕರ್‌ಪುರ ಜಿಐಡಿಸಿಯ ಕಾರ್ಖಾನೆಗಳಲ್ಲಿ ಸ್ಕ್ರೂ ಕಂಪ್ರೆಸರ್‌ಗಳ ಸರ್ವಿಸು. ಗಾಳಿಯಿಂದ ಎಣ್ಣೆ ಬೇರೆ ಮಾಡುವ ಡಬ್ಬಗಳನ್ನು ಬಿಚ್ಚಿ ಜೋಡಿಸುವುದೇ ನನ್ನ ಕೆಲಸದ ಅರ್ಧ ಭಾಗ. ಆದರೆ ನನ್ನ ಕಂಪ್ರೆಸರ್ ಕೆಟ್ಟರೆ ಕಾರ್ಖಾನೆ ನಿಲ್ಲುತ್ತದೆ, ಅಷ್ಟೇ. ಅವನ ವಿಮಾನದ ಪಕ್ಕದ ಸೀಟಿನಲ್ಲಿ ಮೊದಲು ಕೂರಬೇಕೆಂದು ಹಟ ಹಿಡಿದಿರುವವರು ಎಪ್ಪತ್ತು ದಾಟಿದ ನನ್ನ ಅತ್ತೆ. ಹಾಗಾಗಿ ಉತ್ತರ ಹೇಳಲು ನಾನು ಎರಡು ವಾರ ತೆಗೆದುಕೊಂಡೆ.

ಮನೆಯಲ್ಲಿ ವಿಮಾನ ಕಟ್ಟುವುದು ನಮ್ಮಲ್ಲಿ ಅಪರೂಪ. ಮುಂಬೈಯ ಪೈಲಟ್ ಅಮೋಲ್ ಯಾದವ್ ತಮ್ಮ ಕಟ್ಟಡದ ಮೇಲ್ಛಾವಣಿಯಲ್ಲಿ ಆರು ಸೀಟಿನ ವಿಮಾನ ಕಟ್ಟಿ, ಅದಕ್ಕೆ ನೋಂದಣಿ ಸಿಗಲು 2017ರವರೆಗೆ ಕಾಯಬೇಕಾಯಿತು. ಬೆಂಗಳೂರಿನ ಎನ್‌ಎಎಲ್ ವಿಜ್ಞಾನಿಗಳು 1980ರ ದಶಕದಲ್ಲಿ ಹಾರಿಸಿದ ಹಗುರ ಕನಾರ್ಡ್ ವಿಮಾನಕ್ಕೆ ಆಧಾರವಾಗಿದ್ದು ಬರ್ಟ್ ರುಟಾನ್ ಅವರ ಲಾಂಗ್-ಈಝೀ. ಅದು ಮನೆಯಲ್ಲಿ ಕಟ್ಟಿಕೊಳ್ಳುವವರಿಗಾಗಿಯೇ ಮಾಡಿದ ವಿನ್ಯಾಸ. ಅಮೆರಿಕದಲ್ಲಿ ಹೆಚ್ಚಿನ ಪಾಲು ಕೆಲಸವನ್ನು ಹವ್ಯಾಸಿಗಳೇ ಮಾಡಿದ್ದರೆ ಅಂಥ ವಿಮಾನಕ್ಕೆ ಪ್ರಾಯೋಗಿಕ ವರ್ಗದಲ್ಲಿ ಪರವಾನಗಿ ಸಿಗುತ್ತದೆ. ಯಾವ ಬಿಡಿಭಾಗ ಹಾಕಬೇಕೆಂಬ ತೀರ್ಮಾನವೂ ಕಟ್ಟಿದವನದೇ. ಸ್ವಾತಂತ್ರ್ಯವೂ ಅದೇ, ತಲೆನೋವೂ ಅದೇ.

ಈಗ ಎಣ್ಣೆಯ ವಿಷಯ. ಪಿಸ್ಟನ್ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಉರಿದ ಅನಿಲದ ಒಂದು ಸಣ್ಣ ಪಾಲು ಅವನ್ನು ದಾಟಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. ಅದು ಹೊರಹೋಗಲು ದಾರಿ ಬೇಕು. ಆ ದಾರಿಯೇ ಬ್ರೀದರ್ ಟ್ಯೂಬು. ಹೋಗುವ ಅನಿಲ ತನ್ನ ಜೊತೆ ಎಣ್ಣೆಯ ಮಂಜನ್ನೂ ಹೊತ್ತೊಯ್ಯುತ್ತದೆ. ಟ್ಯೂಬಿನ ಬಾಯಿ ವಿಮಾನದ ಅಡಿಯಲ್ಲಿರುವುದರಿಂದ ಹೊಟ್ಟೆಯುದ್ದಕ್ಕೂ ಜಿಡ್ಡು ಹರಡುತ್ತದೆ. ವರ್ಷಗಟ್ಟಲೆ ಉಜ್ಜಿ ಬಣ್ಣ ಬಳಿದವನಿಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸೆಪರೇಟರ್ ಮಾರಾಟವಾಗುವುದೇ ಆ ಉರಿಯ ಮೇಲೆ.

ಡಬ್ಬದೊಳಗೆ ದೊಡ್ಡ ಮಾಯೆಯೇನಿಲ್ಲ. ಅನಿಲ ಒಳಗೆ ಬಂದು ಸುತ್ತಿಕೊಳ್ಳುತ್ತದೆ ಇಲ್ಲವೇ ತಡೆಹಲಗೆಗಳಿಗೆ, ಲೋಹದ ಜಾಲರಿಗೆ ಬಡಿಯುತ್ತದೆ. ಹನಿಗಳು ಒಂದಕ್ಕೊಂದು ಅಂಟಿ ದಪ್ಪವಾಗಿ ತಳಕ್ಕಿಳಿಯುತ್ತವೆ. ಅನಿಲ ಮೇಲಿನಿಂದ ಹೊರಗೆ, ಎಣ್ಣೆ ಕೆಳಗಿನ ಕೊಳವೆಯಿಂದ ಮರಳಿ ಎಂಜಿನ್ನಿಗೆ. ಕಂಪ್ರೆಸರಿನಲ್ಲೂ ಇದೇ ತತ್ವ. ಅಲ್ಲಿ ಕೊನೆಗೊಂದು ಗಾಜಿನ ನಾರಿನ ಎಲಿಮೆಂಟ್ ಇರುತ್ತದೆ. ಅಲ್ಲಿ ನಾನು ಕಲಿತದ್ದು ಇಷ್ಟು: ಡಬ್ಬ ಎಷ್ಟು ಮುಖ್ಯವೋ ಹಿಂತಿರುಗುವ ಕೊಳವೆಯೂ ಅಷ್ಟೇ ಮುಖ್ಯ. ಆ ಸಣ್ಣ ಕೊಳವೆಯ ಸೂಜಿಗಣ್ಣಿನಷ್ಟು ರಂಧ್ರ ಕಟ್ಟಿಕೊಂಡರೆ ಸಾಕು, ಹೊಸ ಎಲಿಮೆಂಟ್ ಹಾಕಿದ ಮರುದಿನವೂ ಗಾಳಿಯ ಲೈನಿನಲ್ಲಿ ಎಣ್ಣೆ ಹರಿಯುತ್ತದೆ.

ಎರಡನೆಯ ಪಾಠ ಮಳೆಗಾಲದ್ದು. ಕಡಿಮೆ ಲೋಡಿನಲ್ಲಿ ಓಡುವ ಕಂಪ್ರೆಸರ್ ಸಾಕಷ್ಟು ಬಿಸಿಯಾಗದೆ ಎಣ್ಣೆಯಲ್ಲಿ ನೀರು ಕೂಡಿಕೊಂಡು ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ವಿಮಾನದ ಎಂಜಿನ್ನಿಗೆ ಮಳೆಯೂ ಬೇಡ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸರಿಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಹೆಚ್ಚಿನದು ಎಕ್ಸಾಸ್ಟಿನಲ್ಲಿ ಆವಿಯಾಗಿ ಹೋಗುತ್ತದೆ. ರಿಂಗು ದಾಟಿ ಬಂದ ಪಾಲು ಬ್ರೀದರಿನ ದಾರಿ ಹಿಡಿಯುತ್ತದೆ. ತಣ್ಣಗಿನ ಡಬ್ಬ ಸಿಕ್ಕರೆ ಅಲ್ಲೇ ನೀರಾಗುತ್ತದೆ. ಅಂದರೆ ಸೆಪರೇಟರ್ ಎಂಜಿನ್ನಿಗೆ ಹಿಂತಿರುಗಿಸುವುದು ಬರೀ ಎಣ್ಣೆಯನ್ನಲ್ಲ. ಎಂಜಿನ್ ಹೊರಹಾಕಲು ಹೊರಟಿದ್ದ ನೀರು, ಆಮ್ಲಗಳನ್ನೂ ಕೂಡ. ಕ್ಯಾಮ್‌ಶಾಫ್ಟ್ ತುಕ್ಕಿಗೆ ಹೆದರುವ ಲೈಕಮಿಂಗ್ ಎಂಜಿನ್ನಿಗೆ ಇದು ಸಣ್ಣ ಮಾತಲ್ಲ.

ಮಿನ್ನೆಸೋಟದಲ್ಲಿ ಇನ್ನೂ ಒಂದು ಅಪಾಯವಿದೆ. ಮೇ ತಿಂಗಳಲ್ಲಿ 44 ಡಿಗ್ರಿ ಕಾಣುವ ವಡೋದರದವರಿಗೆ ಇದು ಹೊಳೆಯುವುದೂ ಕಷ್ಟ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಗಾಳಿಯಲ್ಲಿ ಬ್ರೀದರಿನ ಬಾಯಲ್ಲೇ ಆ ನೀರು ಹೆಪ್ಪುಗಟ್ಟಿ ದಾರಿ ಮುಚ್ಚಬಹುದು. ಆಗ ಒಳಗಿನ ಒತ್ತಡ ಏರಿ ಪ್ರೊಪೆಲ್ಲರಿನ ಹಿಂದಿನ ಕ್ರ್ಯಾಂಕ್‌ಶಾಫ್ಟ್ ಸೀಲನ್ನು ತಳ್ಳಿ ಹಾಕುತ್ತದೆ. ಎಣ್ಣೆಯೆಲ್ಲ ಹೊರಗೆ ಸುರಿಯುತ್ತದೆ. ಅದಕ್ಕೇ ಎಂಜಿನ್ ಮುಸುಕಿನ ಬೆಚ್ಚಗಿನ ಭಾಗದಲ್ಲಿ, ಟ್ಯೂಬಿನ ಮಗ್ಗುಲಿಗೆ ಒಂದು ಸೀಳು ಬಿಟ್ಟಿರುತ್ತಾರೆ. ತುದಿ ಮುಚ್ಚಿದರೂ ಎಂಜಿನ್ ಅಲ್ಲಿಂದ ಉಸಿರಾಡುತ್ತದೆ. ಸೆಪರೇಟರ್ ಜೋಡಿಸುವ ಭರದಲ್ಲಿ ಆ ಸೀಳು ಇಲ್ಲದಂತಾಗಬಾರದು. ಜಾಲರಿ ಕೊಳೆಯಿಂದ ಕಟ್ಟಿಕೊಂಡರೂ ಆಗುವುದು ಇದೇ ಅನಾಹುತ.

ಎನ್‌ಎಎಲ್‌ನ ಹಂಸ-3ರಲ್ಲಿದ್ದ ರೋಟಾಕ್ಸ್ 914ರಲ್ಲಿ ಈ ಸಮಸ್ಯೆಯನ್ನು ಬೇರೆ ರೀತಿ ಬಗೆಹರಿಸಿದ್ದಾರೆ. ರಿಂಗು ದಾಟಿ ಬರುವ ಅನಿಲವೇ ಎಣ್ಣೆಯನ್ನು ಪ್ರತ್ಯೇಕ ಟ್ಯಾಂಕಿಗೆ ತಳ್ಳುತ್ತದೆ. ಅಲ್ಲಿ ಎಣ್ಣೆ ತಂಗಿ ಅನಿಲ ಹೊರಹೋಗುತ್ತದೆ. ಟ್ಯಾಂಕೇ ಸೆಪರೇಟರ್. ಹಾರುವ ಮುನ್ನ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ, ಟ್ಯಾಂಕು ಗುಳುಗುಳು ಎಂದ ಮೇಲೆಯೇ ಎಣ್ಣೆ ಅಳೆಯುತ್ತಾರೆ. ಲೈಕಮಿಂಗಿನಲ್ಲಿ ಆ ಅನುಕೂಲವಿಲ್ಲ.

ಎರಡು ವಾರದ ನಂತರ ಭಾವಮೈದುನನಿಗೆ ಹೇಳಿದೆ: "ಈಗಲೇ ಯಾವುದನ್ನೂ ಕೊಳ್ಳಬೇಡ. ಮೊದಲು ಬರೀ ಟ್ಯೂಬು ಇಟ್ಟುಕೊಂಡು ಹಾರು. ಹೊಸ ಎಂಜಿನ್ನಿನ ರಿಂಗು ಕೂರುವವರೆಗೆ ಎಣ್ಣೆ ಹೆಚ್ಚು ಹೋಗೋದು ಸಹಜ. 8 ಕ್ವಾರ್ಟಿನ ಸಂಪನ್ನು ಕಂಠಮಟ್ಟ ತುಂಬಬೇಡ. ಮೇಲಿನ ಎರಡು ಕ್ವಾರ್ಟನ್ನು ಎಂಜಿನ್ ಹೇಗೂ ಉಗುಳುತ್ತೆ. 6ರ ಹತ್ತಿರ ಇಟ್ಟು ನೋಡು. ಅದೂ ನಿಲ್ಲದಿದ್ದರೆ ಆಮೇಲೆ ಡಬ್ಬ."

ಅವನು ಮೊದಲು ಒಪ್ಪಲಿಲ್ಲ. "ಎಲ್ಲರೂ ಹಾಕ್ತಾರೆ ಭಾವ" ಎಂದ. ನನ್ನ ವಾದ ಒಂದೇ. ಬ್ರೀದರಿನಿಂದ ಬರುವ ಎಣ್ಣೆ ಎಂಜಿನ್ನಿನ ಆರೋಗ್ಯದ ವರದಿ. ರಿಂಗು ಸವೆದರೆ, ಸಿಲಿಂಡರ್ ಗೀರಿದರೆ ಹೊಟ್ಟೆಯ ಜಿಡ್ಡು ಹೆಚ್ಚಾಗುತ್ತದೆ. ಎಲ್ಲವನ್ನೂ ಹಿಡಿದು ಸದ್ದಿಲ್ಲದೆ ಒಳಗೆ ಕಳಿಸಿಬಿಟ್ಟರೆ ಹೊಟ್ಟೆ ಹೊಳೆಯುತ್ತದೆ, ಸುದ್ದಿ ಮಾತ್ರ ಬರುವುದಿಲ್ಲ.

ಹಾರಾಟ ಶುರುವಾಗಿ ಇಪ್ಪತ್ತು ಗಂಟೆ ಕಳೆಯುವಷ್ಟರಲ್ಲಿ ಜಿಡ್ಡು ಅರ್ಧಕ್ಕಿಳಿಯಿತು. ಉಳಿದದ್ದಕ್ಕೆ ಅವನು ಒಂದು ಸಾದಾ ಸೆಪರೇಟರ್ ತಂದ. ಫೈರ್‌ವಾಲಿನ ಮೇಲೆ, ಬೆಚ್ಚಗಿನ ಜಾಗದಲ್ಲಿ ಕೂರಿಸಿದ. ಎಂಜಿನ್ನಿನಿಂದ ಬರುವ ಹೋಸು ಎಲ್ಲೂ ಜೋತುಬಿದ್ದು ನೀರು ನಿಲ್ಲದಂತೆ ನೋಡಿಕೊಂಡ. ತಳದ ಕೊಳವೆಯನ್ನು ಎಂಜಿನ್ನಿಗೆ ಜೋಡಿಸದೆ ಒಂದು ಸಣ್ಣ ಬಾಟಲಿಗೆ ಇಳಿಸಿದ. ಡಬ್ಬದಿಂದ ಅನಿಲ ಹೊರಹೋಗುವ ದಾರಿ ತೆರೆದೇ ಇದೆ; ಬಾಟಲಿ ತುಂಬಿದರೂ ಎಂಜಿನ್ನಿನ ಉಸಿರು ಕಟ್ಟುವುದಿಲ್ಲ.

ಚಳಿಗಾಲದ ಬಾಟಲಿಯ ಫೋಟೋ ಕಳಿಸಿದ್ದ. ಮೇಲೆ ತೆಳ್ಳಗೆ ಕಂದು ಎಣ್ಣೆ, ಅದರಡಿ ಎರಡು ಬೆರಳಷ್ಟು ಬೂದುಬಣ್ಣದ ನೀರು. ಅದು ಎಂಜಿನ್ನಿಗೆ ಮರಳಬೇಕಾಗಿದ್ದ ನೀರು. ಈಗ ಪ್ರತಿ ಹಾರಾಟದ ನಂತರ ಬಾಟಲಿಯ ಮಟ್ಟವನ್ನು ಲಾಗ್ ಪುಸ್ತಕದಲ್ಲಿ ಬರೆಯುತ್ತಾನೆ. ಪರೀಕ್ಷಾ ಹಾರಾಟದ ಗಂಟೆಗಳು ಮುಗಿಯುವವರೆಗೆ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಅವು ಮುಗಿಯುವ ಹೊತ್ತಿಗೆ ಅತ್ತೆಗೆ ವೀಸಾ ಬಂದಿರುತ್ತದೆ. ಹತ್ತುವ ಮುನ್ನ ಬಾಟಲಿಯ ಲೆಕ್ಕ ಕೇಳಿ ಎಂದು ಅವರಿಗೂ ಹೇಳಿಕೊಟ್ಟಿದ್ದೇನೆ.